ಬಲಕ್ಕೆ ಓಡುವ ಚೆಂಡು

ನನ್ನ ಚೆಂಡು ಬಲಕ್ಕೆ ಓಡುತ್ತಿತ್ತು. ಯಾವಾಗಲೂ ಹಾಗೇ ಹೋಗಿದ್ದರೆ ಏನಾದರೂ ಉಪಾಯ ಮಾಡಬಹುದಿತ್ತು. ಒಮ್ಮೆ ನೆಟ್ಟಗೆ ಹೋಗಿ ಆಸೆ ಹುಟ್ಟಿಸಿ, ಮರುಸಲ ಮಾನ ಕಳೆಯುತ್ತಿತ್ತು.

ಅರವತ್ತರ ದಶಕದ ಮೊದಲ ವರ್ಷಗಳವು. ಯಶವಂತಪುರದ ಒಂದು ಕಾರ್ಖಾನೆಯಲ್ಲಿ ನಾನು ನಕ್ಷೆ ಬರೆಯುತ್ತಿದ್ದೆ. ಅಲ್ಲಿನ ದೊಡ್ಡ ಎಂಜಿನಿಯರ್ ಸಾಹೇಬರಿಗೆ ಗಾಲ್ಫಿನ ಹುಚ್ಚು. ಜೊತೆಗೊಬ್ಬ ಬೇಕೆಂದು ನನ್ನನ್ನು ಹಿಡಿದಿದ್ದರು. ಬೇಸಿಗೆಯಲ್ಲಿ ಪುಟ್ಟೇನಹಳ್ಳಿ ಕೆರೆ ಒಣಗಿದಾಗ ಅದರ ಅಂಗಳದಲ್ಲೇ ಬಾವುಟ ನೆಟ್ಟು ಆಡುತ್ತಿದ್ದೆವು.

ಅಟ್ಟೂರಿನ ನಮ್ಮ ಹಿತ್ತಲಲ್ಲಿ ಹುಲ್ಲಿನ ಮೆದೆಗೆ ಚೆಂಡು ಹೊಡೆದು ಅಭ್ಯಾಸ ಮಾಡುತ್ತಿದ್ದೆ. ತಲೆ ಎತ್ತಬಾರದು, ಆತುರಪಡಬಾರದು, ಕೋಲು ಪ್ರತಿ ಸಲವೂ ಒಂದೇ ಹಾದಿಯಲ್ಲಿ ಬೀಸಬೇಕು ಎಂಬ ಸಾಹೇಬರ ಪಾಠ ಬಾಯಿಗೆ ಬಂದಿತ್ತು, ಕೈಗೆ ಬಂದಿರಲಿಲ್ಲ. ಅಲ್ಲೇ ಅಪ್ಪ ಬುಟ್ಟಿಗೆ ಗೊಬ್ಬರ ತುಂಬುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಅವರ ಸನಿಕೆ ಪ್ರತಿ ಸಲ ಅಷ್ಟೇ ಏಳುತ್ತಿತ್ತು, ಅಲ್ಲೇ ಇಳಿಯುತ್ತಿತ್ತು. ಒಂದು ಹಿಡಿಯೂ ಬಿದಿರಿನ ಮಂಕರಿಯಾಚೆ ಬೀಳುತ್ತಿರಲಿಲ್ಲ.

ಒಂದು ಭಾನುವಾರ ಕೆರೆಯಂಗಳದಲ್ಲಿ ಚೆಂಡಿಟ್ಟು ನೋಡಿದರೆ, ಬಾವುಟಕ್ಕೆ ತುಸು ಬಲಕ್ಕೆ ಅಪ್ಪನ ಗಾಡಿ ನಿಂತಿದೆ. ಒಣಗಿದ ಕೆರೆಯ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುವುದು ನಮ್ಮೂರ ರೂಢಿ. ಬೆಳಿಗ್ಗೆ ಯಾರ ಗಾಡಿ ಎಲ್ಲಿ ನಿಂತಿತೋ ಆ ಜಾಗ ಅವರದು. ತುಂಬದ ಗಾಡಿ ಕದಲಿತೆಂದರೆ ಜಾಗ ಬಿಟ್ಟುಕೊಟ್ಟಂತೆ.

ಓಡಿಹೋಗಿ, ಗಾಡಿ ಇರಲಿ, ನೀನಾದರೂ ಆಚೆ ಬಾ ಎಂದು ಬೇಡಿದೆ.

ಮಂಕರಿಗೆ ಮಣ್ಣು ತುಂಬುತ್ತಿದ್ದ ಅಪ್ಪ ತಲೆ ಎತ್ತಲಿಲ್ಲ. "ಎತ್ಗಳ್ನ ಇಲ್ಲೇ ಬಿಟ್ಟು ನಾನೊಬ್ನೇ ಓಗಿ ನಿಂತ್ಕೊಳ್ಲೇನ್ಲಾ?"

ವಾಪಸು ಬಂದು ಸಾಹೇಬರಿಗೆ ಸ್ವಲ್ಪ ಕಾಯೋಣವೆಂದೆ. ಆಗಲೇ ಬಿಸಿಲೇರಿದೆ, ಅವರೇ ಸರಿದುಕೊಳ್ಳುತ್ತಾರೆ ಎಂದರು. ಅವರು ನಮ್ಮಪ್ಪ ಎಂದೆ.

"ಹೊಡೀರಿ. ಹೆದರ್ಕೊಂಡ್ರೆ ಈ ಆಟ ಬರೋದಿಲ್ಲ ಕಣ್ರೀ."

ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿ ನಿಂತದ್ದು ಅವರಪ್ಪನಾಗಿದ್ದರೆ ಹೀಗೆ ಹೇಳುತ್ತಿದ್ದರೇ? ಆದರೂ ಕೋಲು ಎತ್ತಿದೆ. ಅಂಗೈ ಬೆವತು ಹಿಡಿ ಜಾರುತ್ತಿತ್ತು. ಕೋಲು ಇಳಿಸಿ ಪಂಚೆಯಂಚಿಗೆ ಒರೆಸಲು ಹೋದೆ. ನಾನು ತೊಟ್ಟಿದ್ದು ಪ್ಯಾಂಟು. ಮತ್ತೆ ಎತ್ತಿದೆ. ಕಣ್ಣು ಚೆಂಡಿನ ಮೇಲೆ ನಿಲ್ಲಲಿಲ್ಲ, ಅಪ್ಪನ ಬಗ್ಗಿದ ಬೆನ್ನಿಗೇ ಹೋಗುತ್ತಿತ್ತು. ಹಾಗೆ ಹೊಡೆದರೆ ಚೆಂಡು ಎಲ್ಲಿಗೆ ಹೋಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಕಾಲು ತಿರುಗಿಸಿದೆ. ಬಾವುಟವನ್ನು ಹಿಂದಕ್ಕೆ ಬಿಟ್ಟು, ಖಾಲಿ ಬಿದ್ದಿದ್ದ ಏರಿಯ ಕಡೆಗೆ ಬೀಸಿದೆ. ಕೋಲು ಹಗುರವಾಗಿ ಸುತ್ತಿ ಬಂತು. ಚೆಂಡು ನೂಲು ಹಿಡಿದಂತೆ ಹೋಗಿ ಏರಿಯ ಬುಡದಲ್ಲಿ ಬಿತ್ತು. ಅಷ್ಟು ನೆಟ್ಟಗೆ ನಾನು ಎಂದೂ ಹೊಡೆದಿರಲಿಲ್ಲ.

ಸಾಹೇಬರು ತಮ್ಮ ಕೋಲುಗಳನ್ನು ಚೀಲಕ್ಕೆ ತುಂಬಿಕೊಂಡರು. ಜೊತೆ ಅಲ್ಲಿಗೆ ಮುಗಿಯಿತೆಂದು ಗೊತ್ತಾಯಿತು. ಬೇಸರಪಡಲೂ ಪುರುಸೊತ್ತಿರಲಿಲ್ಲ, ಗಾಡಿಯ ಹತ್ತಿರ ಓಡಿದೆ.

ಅಪ್ಪ ನನಗೆ ಬೆನ್ನು ಮಾಡಿಕೊಂಡು ಸನಿಕೆ ಆಡಿಸುತ್ತಲೇ ಇದ್ದರು.

"ಒಡ್ದೇನ್ಲಾ?"

ಹೊಡೆದೆ, ಏರಿಯ ಕಡೆಗೆ ಎಂದೆ. ಅವರು ಹೂಂಗುಟ್ಟಿದರು, ತಿರುಗಲಿಲ್ಲ. ಅವರ ತಲೆಗೆ ಹೊರಿಸೋಣವೆಂದು ನಾನೇ ಬಗ್ಗಿ ಮಂಕರಿಗೆ ಕೈ ಹಾಕಿದೆ.

ಮಂಕರಿ ಬರಿದಾಗಿತ್ತು. ಅಷ್ಟು ಹೊತ್ತು ತುಂಬಿದ ಮಣ್ಣೆಲ್ಲ ಅದರ ಪಕ್ಕದಲ್ಲಿ ಬಿದ್ದಿತ್ತು.