ಹದಿನಾಲ್ಕನೇ ಸಾಲು

ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಐಟಿ ಕಂಪನಿಗಳ ಗಾಜಿನ ಕಟ್ಟಡಗಳು ಒಂದರ ಪಕ್ಕ ಒಂದು ಏಳುತ್ತಿದ್ದ ವರ್ಷಗಳವು. ನನ್ನ ಗಂಡನಿಗೆ ಅದೇ ಊರಿನ ಖಿದಿರ್‌ಪುರದ ಬಂದರಿನಲ್ಲಿ ನೌಕರಿ. ಜೊತೆಯವರ ಮಾತು ಕೇಳಿ ಇವರೂ ಸಾಫ್ಟ್‌ವೇರ್ ಕಂಪನಿಗಳ ಶೇರು ಕೊಳ್ಳತೊಡಗಿದ್ದರು. ಯಾವುದನ್ನು ಎಷ್ಟಕ್ಕೆ ಕೊಂಡರು ಎಂಬುದು ಡೈರಿಯ ಪುಟಗಳಲ್ಲಿ, ಹಳೆಯ ಲಕೋಟೆಗಳ ಹಿಂಬದಿಯಲ್ಲಿ ಚದುರಿಹೋಗಿರುತ್ತಿತ್ತು. ಮಗಳ ಓದಿಗೆಂದು ಚಾಂದನಿ ಮಾರುಕಟ್ಟೆಯಿಂದ ಕಂಪ್ಯೂಟರ್ ಜೋಡಿಸಿ ತಂದರು. ಅದರಲ್ಲಿ ಎಕ್ಸೆಲ್ ಕಲಿತವಳು ಮಾತ್ರ ನಾನು. ಮದುವೆಗೆ ಮುಂಚೆ ಧಾರವಾಡದಲ್ಲಿ ಎರಡು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿದ್ದೆ, ಆ ಚೌಕಗಳು ಕಷ್ಟವಾಗಲಿಲ್ಲ.

ಒಂದು ಸಾಲಿಗೆ ಒಂದು ಕಂಪನಿ. ಎಷ್ಟು ಶೇರು, ಕೊಂಡ ಬೆಲೆ, ಇವತ್ತಿನ ಬೆಲೆ ತುಂಬಿದರೆ ಲಾಭ ನಷ್ಟ ತಾನೇ ಬರುತ್ತಿತ್ತು. ಶನಿವಾರ ಬೆಳಿಗ್ಗೆ ಪೇಪರ್ ನೋಡಿ ತುಂಬುತ್ತಿದ್ದೆ. ಇವರು ಟವೆಲ್ ಹೆಗಲಿಗೆ ಹಾಕಿಕೊಂಡು ಹಿಂದೆ ಬಂದು ನಿಂತು, ಕೊನೆಯ ಮೊತ್ತ ಓದಿ, "ಛಲೋ ಆತು" ಎಂದು ಸ್ನಾನಕ್ಕೆ ಹೋಗುತ್ತಿದ್ದರು. ಶೇರಿನ ಖಾತೆ ನನ್ನ ಹೆಸರಿನಲ್ಲೇ ಇತ್ತು. ಆದರೆ ಏನು ಕೊಳ್ಳಬೇಕೆಂದು ನನ್ನನ್ನು ಕೇಳಿದ್ದಿಲ್ಲ. ತೋರಿಸಿದ ಕಡೆ ಸಹಿ ಹಾಕುತ್ತಿದ್ದೆ.

ಒಮ್ಮೆ ತಂಗಿಯ ಬಾಣಂತನಕ್ಕೆಂದು ಮೂರು ವಾರ ಹುಬ್ಬಳ್ಳಿಗೆ ಹೋಗಿದ್ದೆ. ವಾಪಸ್ ಬಂದ ಶನಿವಾರ ಬೆಲೆ ತುಂಬುತ್ತಿದ್ದವಳ ಕೈ ಹದಿನಾಲ್ಕನೇ ಸಾಲಿನಲ್ಲಿ ನಿಂತಿತು. ಒಂದೂವರೆ ಸಾವಿರದ ಆಸುಪಾಸಿನಲ್ಲಿದ್ದ ಶೇರು ಮುನ್ನೂರಕ್ಕೆ ಬಂದಿತ್ತು. ನಮ್ಮಲ್ಲಿ ಅಂಥವು ನೂರು ಇದ್ದವು. ಪೇಪರನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ಓದಿದೆ. ಮುನ್ನೂರೇ. ಇವರು ತರಕಾರಿಗೆ ಹೋಗಿದ್ದರು. ಇವರು ಬರುವುದರೊಳಗೆ ಕಂಪ್ಯೂಟರ್ ಆರಿಸಿಬಿಟ್ಟೆ.

ಸೋಮವಾರ ಇವರು ಕೆಲಸಕ್ಕೆ ಹೋದ ಕೂಡಲೇ ಟ್ರಾಮ್ ಹಿಡಿದು ಎಸ್ಪ್ಲನೇಡಿನ ಬ್ರೋಕರ್ ಆಫೀಸಿಗೆ ಹೋದೆ. ಇನ್ನೂ ಇಳಿದರೆ ಏನೂ ಉಳಿಯುವುದಿಲ್ಲ ಎಂಬುದೊಂದೇ ತಲೆಯಲ್ಲಿ. ನೂರೂ ಮಾರಿಬಿಡಿ ಎಂದು ಹಿಂದಿಯಲ್ಲಿ ಹೇಳಿ ಸಹಿ ಹಾಕಿದೆ. ಕೌಂಟರಿನವನು ಎರಡು ಫೋನುಗಳಲ್ಲಿ ಒಟ್ಟಿಗೇ ಮಾತಾಡುತ್ತಿದ್ದ, ಏನೂ ಕೇಳಲಿಲ್ಲ. ಮನೆಗೆ ಬಂದು ಆ ಸಾಲನ್ನು ಅಳಿಸಲು ಮನಸ್ಸಾಗದೆ, ಶೇರಿನ ಸಂಖ್ಯೆ ಸೊನ್ನೆ ಮಾಡಿ, ಹೈಡ್ ಒತ್ತಿ ಕಾಣದಂತೆ ಮುಚ್ಚಿಟ್ಟೆ. ಮುಂದಿನ ಶನಿವಾರ ಮೊತ್ತ ಇಳಿದದ್ದನ್ನು ನೋಡಿ ಇವರು ಹುಬ್ಬೇರಿಸಿದಾಗ, "ಮಾರ್ಕೆಟ್ಟ ಬಿದ್ದದರೀ" ಎಂದು ಸುಳ್ಳು ಹೇಳಿದೆ.

ಅದರ ಮುಂದಿನ ವಾರ ಒಂಬತ್ತನೇ ಕ್ಲಾಸಿನ ಮಗಳು ಪಕ್ಕದಲ್ಲಿ ಕೂತಿದ್ದಳು. "ಅಮ್ಮಾ, ಥರ್ಟೀನ್ ಕೆ ಬಾದ್ ಸೀದಾ ಫಿಫ್ಟೀನ್? ಫೋರ್ಟೀನ್ ಕಹಾಂ ಗಯಾ?"

ಇವರೂ ಬಗ್ಗಿ ನೋಡಿದರು. "ಹೌದಲ್ಲ. ಹದಿನಾಲ್ಕು ಎಲ್ಲಿ ಹೋತು?"

ಹೇಳಿಬಿಟ್ಟೆ. ಮಗಳ ಮುಂದೆಯೇ ಅಳು ಬಂತು. ಇವರು ಬೈಯಲಿಲ್ಲ. ಟಿವಿಯ ಮೇಲಿದ್ದ ಟಪಾಲಿನ ಕಟ್ಟು ತಂದರು. "ನೀ ಊರಾಗ ಇದ್ದಾಗ ಬಂದದ್ದು. ನೀನ ನೋಡ್ತೀ ಅಂತ ನಾ ಒಡೀಲಿಲ್ಲ."

ಅದರಲ್ಲಿ ಆ ಕಂಪನಿಯ ಕಾಗದವೂ ಇತ್ತು. ಹತ್ತು ರೂಪಾಯಿ ಮುಖಬೆಲೆಯ ಪ್ರತಿ ಶೇರನ್ನು ಎರಡು ರೂಪಾಯಿಯ ಐದು ಶೇರುಗಳಾಗಿ ಮಾಡಿದ್ದೇವೆ ಎಂದು ಬರೆದಿದ್ದರು. ಒಂದು ಇದ್ದದ್ದು ಐದಾಗಿದ್ದರಿಂದ ಒಂದೊಂದರ ಬೆಲೆ ಐದರಲ್ಲಿ ಒಂದು ಪಾಲಾಗಿತ್ತು, ಅಷ್ಟೇ.

"ಅಂದ್ರ ನಮ್ಮವು ಐದುನೂರು ಆಗಿದ್ವು," ಎಂದರು ಇವರು, ಬೆರಳು ಮಡಿಚುತ್ತಾ. "ನೀ ಮಾರಿದ್ದು ನೂರು."

"ಹಂಗಾರ ಇನ್ನಾ ನಾಕುನೂರು ಅದಾವ," ಎಂದೆ. ಸೋಮವಾರ ಬ್ರೋಕರಿಗೆ ಫೋನ್ ಮಾಡಿದಾಗ ಅದು ಖಾತ್ರಿಯಾಯಿತು. ನಷ್ಟವೇನೂ ಆಗಿರಲಿಲ್ಲ. ಎರಡು ವಾರ ನಾನು ಸರಿಯಾಗಿ ಊಟ ಮಾಡಿರಲಿಲ್ಲ, ಅದೊಂದೇ.

ಅವತ್ತು ಇವರು ಹೇಳಿದರು, "ಇನ್ಮ್ಯಾಲೆ ಮಾರೂ ಮೊದಲು ನನಗೊಂದು ಮಾತು ಹೇಳು."

"ನೀವೂ ಕೊಳ್ಳೂ ಮೊದಲು ನನಗ ಹೇಳ್ರಿ."

ಮದುವೆಯಾಗಿ ಹದಿನಾರು ವರ್ಷವಾಗಿತ್ತು. ಹಣದ ವಿಷಯದಲ್ಲಿ ಅಂಥ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಇವರು ನನ್ನ ಮುಖ ನೋಡಿ, "ಆತು" ಎಂದರು.

ಕೆಲವು ದಿನಗಳ ನಂತರ ಆಫೀಸಿನಿಂದ ಫೋನ್ ಮಾಡಿದರು. ಯಾರೋ ಒಂದು ಸಿಮೆಂಟ್ ಕಂಪನಿಯ ಶೇರು ಕೊಳ್ಳಲು ಹೇಳುತ್ತಿದ್ದಾರೆ, ಏನು ಮಾಡೋಣ ಎಂದು ಕೇಳಿದರು. "ಸಂಜೀಕ ಬರ್ರಿ, ಕೂತು ನೋಡೋಣು," ಎಂದೆ. ಸಂಜೆ ಇನ್ನೊಂದು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಒಂದು ಗಂಟೆ ಲೆಕ್ಕ ಹಾಕಿದೆವು. ಕೊನೆಗೆ ಕೊಳ್ಳಲಿಲ್ಲ.