ಬಳೆ ಸಪ್ಪಳವಾಗದ ಉಸಿರು

ಬಗ್ಗಿ ಹಣೆಯನ್ನು ಮೊಣಕಾಲಿಗೆ ಹಚ್ಚಿದರೂ ಅಕ್ಕೋರ ಮುಂಗೈ ತುಂಬ ಇದ್ದ ಹಸಿರು ಬಳೆಗಳಲ್ಲಿ ಒಂದೂ ಸದ್ದು ಮಾಡುತ್ತಿರಲಿಲ್ಲ. ಇಳಕಲ್ ಸೀರೆಗೆ ಗಟ್ಟಿಯಾಗಿ ಕಚ್ಚೆ ಹಾಕಿ, ಜಮಖಾನದ ಮೇಲೆ ಕೂತು ಅವರು ನಮಗೆ ಯೋಗ ಕಲಿಸುತ್ತಿದ್ದರು. "ಬಳಿ ಸಪ್ಪಳ ಆತಂದ್ರ ಉಸರು ಅವಸರ ಮಾಡೈತಿ ಅಂತ ತಿಳೀರಿ," ಎನ್ನುತ್ತಿದ್ದರು. ತಾವು ಕಣ್ಣು ಮುಚ್ಚಿಕೊಂಡು ನಮ್ಮ ಬಳೆಗಳಿಗೆ ಕಿವಿಗೊಟ್ಟು ಕೂರುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಇಳಕಲ್ಲಿನ ನೇಕಾರರ ಓಣಿಗೆ ಸೊಸೆಯಾಗಿ ಬಂದವಳು. ಕುಣಿ ಮಗ್ಗದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತೂ ಕೂತೂ ಬೆನ್ನು ಎಷ್ಟು ಹಿಡಿದಿತ್ತೆಂದರೆ, ಯಾರಾದರೂ ಕೈ ಕೊಡದೆ ಮೇಲೇಳಲು ಆಗುತ್ತಿರಲಿಲ್ಲ. ದವಾಖಾನೆಯಲ್ಲಿ ಮಗ್ಗ ಬಿಡು ಎಂದರು. ಬಿಟ್ಟರೆ ಒಲೆ ಹೊತ್ತುವುದು ಹೇಗೆ? ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು ಬೆಳಗ್ಗೆ ಗುಡಿಯ ಪಡಸಾಲೆಯಲ್ಲಿ ಯೋಗ ಹೇಳಿಕೊಡುತ್ತಾರೆಂದು ಕೇಳಿ ಹೋದೆ. ಮಳೆಗಾಲ ಮುಗಿಯುವಷ್ಟರಲ್ಲಿ ಯಾರ ಕೈಯೂ ಬೇಡವಾಯಿತು.

ಅಷ್ಟರಲ್ಲಿ ಕಲ್ಲಿನ ಖಣಿಯಲ್ಲಿ ಬುಟ್ಟಿ ಹೊರುವ ಹೆಂಗಸರು ಬೆನ್ನುನೋವೆಂದು ಒಂದು ಮುಂಜಾನೆ ಬಂದು ಪಡಸಾಲೆಯ ಕೆಳಗೆ ನಿಂತರು. ಊರ ಹೊರಗಿನ ಕೇರಿಯವರು ಗುಡಿಯ ಮೆಟ್ಟಿಲು ಹತ್ತಕೂಡದೆಂದು ಹಿರಿಯರು ಗದರಿದರು. ಅಕ್ಕೋರು ಜಗಳವಾಡಲಿಲ್ಲ. ಜಮಖಾನ ಸುತ್ತಿ ಬಗಲಲ್ಲಿಟ್ಟುಕೊಂಡರು. "ಅವರು ಮ್ಯಾಲ ಬರಬಾರದಂದ್ರ ನಾ ಕೆಳಗ ಇಳಿತೇನ್ರಿ. ಬೆನ್ನು ನೋಯೋರು ಅಲ್ಲಿಗೇ ಬರ್ರಿ," ಎಂದವರೇ ಆ ಕೇರಿಯ ಬೇವಿನ ಗಿಡದ ಕೆಳಗೆ ಹಾಸಿಯೇಬಿಟ್ಟರು.

"ಅಲ್ಲಿ ಹೋದ್ರ ಹೊಳ್ಳಿ ಹೊಸ್ತಿಲಾ ದಾಟಬ್ಯಾಡ," ಎಂದರು ನಮ್ಮತ್ತೆ. ನಾನು ಹೋಗಲಿಲ್ಲ. ಬೆನ್ನು ಬಿಟ್ಟೀತೇ? ಚಳಿ ಬೀಳುತ್ತಲೇ ಒಂದು ದಿನ ಮಗ್ಗದ ಕುಣಿಯಲ್ಲೇ ಸಿಕ್ಕಿಬಿದ್ದೆ. ಅತ್ತೆ ಎರಡೂ ಕೈಯಿಂದ ಎಳೆದರು. ಅವರದೂ ಅದೇ ಕುಣಿ ಬಗ್ಗಿಸಿದ ಬೆನ್ನು, ಆಗಲಿಲ್ಲ. ನೆಲಕ್ಕೆ ಕುಕ್ಕರಿಸಿ ತಮ್ಮ ಸೊಂಟ ಹಿಡಿದುಕೊಂಡರು. "ನಾಳೆ ಮುಂಜಾನಿ ಹೋಗೂಣು. ನಾನೂ ಬರ್ತೇನಿ," ಎಂದರು.

ಅಕ್ಕೋರ ಪಾಠದಲ್ಲಿ ಇಬ್ಬಿಬ್ಬರು ಬೆನ್ನಿಗೆ ಬೆನ್ನು ಹಚ್ಚಿ ಕೂತು ಒಟ್ಟಿಗೆ ಉಸಿರಾಡಬೇಕಿತ್ತು. ಅತ್ತೆಯನ್ನು ಕಲ್ಲು ಹೊರುವ ಮುದುಕಿಯೊಬ್ಬಳ ಜೊತೆ ಕೂರಿಸಿದರು. ಅತ್ತೆಯ ಬಳೆಗಳು ಗಲಗಲ ನಡುಗಿದವು. ಗಿಡದ ಕೆಳಗಿದ್ದವರಿಗೆಲ್ಲ ಕೇಳಿಸಿತು. "ಯವ್ವಾ, ಅವಸರಿಲ್ಲ. ನಾವ್ ಕಾಯ್ತೇವಿ," ಎಂದರು ಅಕ್ಕೋರು. ಕಾದೆವು. ಬಳೆಗಳು ಮೆಲ್ಲಗೆ ಸುಮ್ಮನಾದವು. ಆಮೇಲೆ ಅತ್ತೆ ಕಣ್ಣು ತೆರೆಯದೆಯೇ ಅಂದರು: "ಇಕಿ ಬೆನ್ನೂ ನನ್ನಂಗ ಕಟಿಗಿ ಆಗೇತಲ್ಲಬೇ!"

ಹಿಂದಿನಿಂದ ಮುದುಕಿ ನಕ್ಕಳು. ಆ ನಗು ಅತ್ತೆಯ ಬೆನ್ನನ್ನೂ ಅಲುಗಾಡಿಸಿತು.

ಬರಬರುತ್ತ, ಗದರಿದ ಹಿರಿಯರ ಮನೆಯ ಹೆಂಗಸರೂ ಬಂದರು. ಅಕ್ಕೋರ ಶಿಷ್ಯೆ ಎಂದು ಹೇಳಿಕೊಳ್ಳುವಾಗ ಇವತ್ತಿಗೂ ನನ್ನ ಎದೆ ಉಬ್ಬುತ್ತದೆ. ಆಸನ ಕಲಿಸುವವರು ಬಹಳ ಮಂದಿ ಸಿಕ್ಕಾರು. ಒಂದು ಮಾತೂ ಜೋರು ಮಾಡದೆ ನಮ್ಮ ಓಣಿಯನ್ನು ಆ ಕೇರಿಯವರೆಗೆ ನಡೆಸಿದವರು ಅವರೊಬ್ಬರೇ.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅಕ್ಕೋರು ಜ್ವರ ಬಂದು ತೀರಿಕೊಂಡರು. ಮಣ್ಣು ಕೊಟ್ಟ ಮರುದಿನ ಎರಡೂ ಕಡೆಯ ಹೆಂಗಸರು ಯಾರೂ ಕರೆಯದೆ ಬೇವಿನ ಗಿಡದ ಕೆಳಗೆ ಸೇರಿ ಅದೇ ಜಮಖಾನ ಹಾಸಿದೆವು. ಅತ್ತೆ ತಾವಾಗಿಯೇ ಹೋಗಿ ಆ ಮುದುಕಿಯ ಬೆನ್ನಿಗೆ ಬೆನ್ನು ಹಚ್ಚಿದರು. "ಅಳಬ್ಯಾಡ್ರಬೇ, ಉಸರು ಬಿಡ್ರಿ," ಎಂದು ನಮ್ಮನ್ನೆಲ್ಲ ಗದರಿದರು. ಎಲ್ಲರಿಗಿಂತ ಜೋರಾಗಿ ಸಪ್ಪಳ ಮಾಡುತ್ತಿದ್ದದ್ದು ಅವರದೇ ಬಳೆ.