ಕ್ಲಚ್ ಮೇಷ್ಟ್ರು ಕಾರಿಗೆ ಸ್ಟೀರಿಯೊ ಹಾಕಿದ್ದು

ಡ್ರೈವಿಂಗ್ ಸ್ಕೂಲಿನಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಕ್ಲಚ್ ಮೇಷ್ಟ್ರು ಅಂತಲೇ. ದಿನವಿಡೀ ಬಾಯಲ್ಲಿ ಅದೊಂದೇ ಮಾತು: "ಕ್ಲಚ್ ಒತ್ತಿ, ಕ್ಲಚ್ ಒತ್ತಿ." ಕಲಿಯುವವರ ಕೈಯಲ್ಲಿ ಗೇರು ಕರಕರ ಹಲ್ಲು ಕಡಿಯುವುದನ್ನು ಕೇಳಿ ಕೇಳಿ ಅವರ ಕಿವಿ ರೋಸಿಹೋಗಿತ್ತು. ಸಂಜೆ ಮನೆಗೆ ಹೋಗುವಾಗಲಾದರೂ ತಮ್ಮ ಸ್ವಂತ ಕಾರಿನಲ್ಲಿ ನಾಲ್ಕು ಹಾಡು ಕೇಳಬೇಕು ಅನ್ನುವುದು ಹಳೇ ಆಸೆ. ಆ ಕಾರಿನಲ್ಲಿ ಸ್ಟೀರಿಯೊ ಇರಬೇಕಾದ ಕಡೆ ಬರೀ ತೂತಿತ್ತು. ಮೇಷ್ಟ್ರು ಅದರಲ್ಲಿ ಬಾಚಣಿಗೆ ಇಡುತ್ತಿದ್ದರು.

ಆಡಿಯೊ ಅಂಗಡಿಯವನು ಎದೆ ನಡುಗಿಸುವಂಥ ಸೆಟ್ ಹಾಕಿ ಕೇಳಿಸಿದ. ಬೆಲೆ ಕೇಳಿ ಮೇಷ್ಟ್ರ ಎದೆ ಇನ್ನೊಂದು ಸಲ ನಡುಗಿತು.

"ಎಲ್ಲ ಒಟ್ಟಿಗೆ ಬೇಡ ಬಿಡಿ ಸಾರ್," ಅಂದ ಅವನೇ. "ಈಗ ಒಂದು ಸಾಧಾರಣ ಸ್ಟೀರಿಯೊ, ಮುಂದಿನ ಬಾಗಿಲಿಗೆ ಒಂದು ಜೊತೆ ಒಳ್ಳೇ ಸ್ಪೀಕರ್ ಸಾಕು. ಆಂಪ್ಲಿಫೈಯರು ಸೆಕೆಂಡ್ ಹ್ಯಾಂಡ್ ಕೊಡ್ತೀನಿ."

"ಫಿಟ್ಟಿಂಗ್ ನಾನೇ ಮಾಡ್ಕೋತೀನಿ," ಅಂದರು ಮೇಷ್ಟ್ರು, ಅದರ ಖರ್ಚೂ ಉಳಿಯಲಿ ಅಂತ.

ಅಂಗಡಿಯವನು ತನ್ನ ಫೋನ್ ನಂಬರ್ ಬರೆದುಕೊಟ್ಟ.

ಭಾನುವಾರ ಬಾಗಿಲಿನ ಒಳಕವಚ ಬಿಚ್ಚಿ ಕೂರಿಸಿದರೆ ಸ್ಪೀಕರಿನ ಬೆನ್ನು ಒಳಗೆ ಇಳಿಯುವ ಕಿಟಕಿ ಗಾಜಿಗೆ ತಗಲುತ್ತಿತ್ತು. ಸ್ಪೀಕರಿಗೂ ಬಾಗಿಲಿಗೂ ನಡುವೆ ದಪ್ಪನೆಯ ಬಳೆಯಂಥದ್ದೊಂದು ಬೇಕು. ಅಂಗಡಿಗೆ ಹೋದರೆ ಮತ್ತೆ ದುಡ್ಡು. ಮೇಷ್ಟ್ರು ಸದ್ದಿಲ್ಲದೆ ಅಡುಗೆಮನೆಗೆ ಹೋಗಿಬಂದರು.

ಸ್ವಲ್ಪ ಹೊತ್ತಿಗೆ ಒಳಗಿಂದ ಹೆಂಡತಿಯ ದನಿ. "ರೀ, ತರಕಾರಿ ಹೆಚ್ಚೋ ಪ್ಲಾಸ್ಟಿಕ್ ಹಲಗೆ ಕಂಡ್ರಾ?"

"ಅಲ್ಲೇ ಎಲ್ಲೋ ಇರತ್ತೆ, ನೋಡೇ."

ಆಕೆ ಈರುಳ್ಳಿ ಹಿಡಿದುಕೊಂಡೇ ಹೊರಗೆ ಬಂದರು. ಹಲಗೆ ಎರಡು ಬಳೆಗಳಾಗಿ ಕಾರಿನ ಎರಡು ಬಾಗಿಲಲ್ಲಿ ಕೂತಿತ್ತು. ಆಕೆ ಎರಡನ್ನೂ ನೋಡಿದರು.

"ಮಂಚದ ಕಾಲು ಬೇಕಾದ್ರೆ ಮೊದಲೇ ಹೇಳಿ. ನೆಲದ ಮೇಲೆ ಹಾಸಿಗೆ ಹಾಕ್ಕೋತೀನಿ," ಅಂದು ಒಳಗೆ ಹೋದರು.

ಸಂಜೆ ಹೊತ್ತಿಗೆ ಹಾಡು ಬಂತು. ಗಂಡ ಹೆಂಡತಿ ಒಂದು ಸುತ್ತು ಹೊರಟರು. ಇಂಜಿನ್ ಶುರುವಾದದ್ದೇ ತಡ, ಹಾಡಿನ ಹಿಂದೆ "ಕುಂಯ್" ಅಂತ ಇನ್ನೊಂದು ದನಿ ಸೇರಿಕೊಂಡಿತು. ಆಕ್ಸಿಲರೇಟರ್ ಒತ್ತಿದರೆ ಅದೂ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಸೊಳ್ಳೆಯೊಂದು ಸಂಗೀತ ಕಲಿಯುತ್ತಿದ್ದ ಹಾಗಿತ್ತು. ಮೇಷ್ಟ್ರ ಮುಖ ಸಪ್ಪಗಾಯಿತು.

ಹೆಂಡತಿ ಮಾತ್ರ ಕಿವಿಗೊಟ್ಟು ಕೂತಿದ್ದರು. "ಈಗ ಗೇರ್ ಬದಲಾಯಿಸ್ತೀರಿ," ಅಂದರು. ಮೇಷ್ಟ್ರ ಕೈ ಆಗಲೇ ಗೇರಿನ ಮೇಲಿತ್ತು. ಮುಂದಿನ ರಸ್ತೆಯಲ್ಲಿ ಮತ್ತೆ, "ಈಗ." ಅದೂ ಸರಿಯೇ.

ಊರಿಗೆಲ್ಲ ಕಾರು ಕಲಿಸಿದ ಮೇಷ್ಟ್ರಿಗೆ ಹೆಂಡತಿಗೆ ಮಾತ್ರ ಕಲಿಸಲಾಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ಎರಡನೇ ಪಾಠಕ್ಕೇ ಆಕೆ ನಡುರಸ್ತೆಯಲ್ಲಿ ಇಳಿದು ಬಸ್ಸು ಹತ್ತಿದ್ದರು. "ಇಂಜಿನ್ ಮಾತು ಕೇಳು ಅಂತಿದ್ರಲ್ಲ, ಆಗ ನನಗೆಲ್ಲ ಒಂದೇ ಗುರ್ ಅನ್ನಿಸ್ತಿತ್ತು," ಅಂದರು ಈಗ. "ಈ ಕುಂಯ್ ಬಿಡಿಸಿ ಹೇಳತ್ತೆ. ನಿಮ್ಮ ಹಾಗೆ ರೇಗೋದೂ ಇಲ್ಲ."

ಮೇಷ್ಟ್ರು ಕಾರು ಪಕ್ಕಕ್ಕೆ ಹಾಕಿ, ಇಳಿದು ಆ ಕಡೆ ಬಂದು ಕೂತರು. ಆಕೆ ಡ್ರೈವರ್ ಸೀಟಿಗೆ ಸರಿದರು. ಕಾರು ನಯವಾಗಿ ಹೊರಟಿತು. "ಕ್ಲಚ್" ಅನ್ನಲು ಅವರು ಬಾಯಿ ತೆರೆಯುವಷ್ಟರಲ್ಲಿ ಆಕೆ ಒತ್ತಿರುತ್ತಿದ್ದರು. ತೆರೆದ ಬಾಯಿಗೆ ಬೇರೆ ಕೆಲಸ ಸಿಗದೆ ಮೇಷ್ಟ್ರು ಆಕಳಿಸಿದಂತೆ ಮಾಡುತ್ತಿದ್ದರು.

ಅಂಗಡಿಯವನಿಗೆ ಅವರು ಫೋನ್ ಮಾಡಲಿಲ್ಲ. ಹೆಂಡತಿಗೆ ಲೈಸೆನ್ಸ್ ಬರುವವರೆಗೂ ದಿನಾ ಸಂಜೆ ಹಾಡಿನ ಬದಲು ಆ ಕುಂಯ್ ಕೇಳಿದರು. ಪರೀಕ್ಷೆಯ ದಿನ ಪಕ್ಕ ಕೂತ ಇನ್ಸ್‌ಪೆಕ್ಟರು ಹುಬ್ಬು ಗಂಟಿಕ್ಕಿ, "ಏನಮ್ಮ ಇದು ಸದ್ದು?" ಅಂದರು.

"ನಮ್ಮನೆಯವರ ಆಡಿಯೊ ಸಿಸ್ಟಮ್ಮು ಸಾರ್," ಅಂದರು ಆಕೆ, ರಸ್ತೆಯಿಂದ ಕಣ್ಣು ತೆಗೆಯದೆ.

ಪಾಸಾದರು. ಆಮೇಲೇ ಮೇಷ್ಟ್ರು ಫೋನ್ ಮಾಡಿದ್ದು. ಅಂಗಡಿಯವನು ಬಂದು ಆಂಪ್ಲಿಫೈಯರಿನ ಅರ್ಥ್ ವೈರ್ ಬಿಚ್ಚಿದ. "ಬಣ್ಣದ ಮೇಲೇ ಕೂರಿಸಿದೀರಲ್ಲ ಸಾರ್," ಅಂತ ಬಣ್ಣ ಕೆರೆದು, ಬರೀ ಲೋಹಕ್ಕೆ ಬಿಗಿದ. ಸೊಳ್ಳೆ ಸತ್ತಿತು. ತಬಲಾದ ಒಂದೊಂದು ಪೆಟ್ಟೂ ಬೇರೆ ಬೇರೆ ಕೇಳಿಸತೊಡಗಿತು.

ಮೇಷ್ಟ್ರು ಕೈತೊಳೆದು ಬರುವಷ್ಟರಲ್ಲಿ ಹೆಂಡತಿ ಡ್ರೈವರ್ ಸೀಟಿನಲ್ಲಿದ್ದರು, ಪಕ್ಕದಲ್ಲಿ ಆಕೆಯ ತಂಗಿ. "ಸದ್ದಿಲ್ಲದೆ ಓಡಿಸೋಕಾಗತ್ತಾ?" ಅಂತ ಮೇಷ್ಟ್ರು ಅನುಮಾನದಿಂದ ಕೇಳಿದರು.

"ಈಗ ಕಾಲಿಗೇ ಗೊತ್ತಾಗತ್ತೆ ಬಿಡಿ. ಅಮ್ಮನ್ನ ನೋಡ್ಕೊಂಡು ಬರ್ತೀವಿ. ಅನ್ನ ಇದೆ, ಸಾರು ಬಿಸಿ ಮಾಡ್ಕೊಳ್ಳಿ."

ಕಾರು ಒಂದು ಸಲವೂ ಜಗ್ಗದೆ ಹೋಯಿತು. ಮೇಷ್ಟ್ರು ಗೇಟು ಹಿಡಿದು ನಿಂತು, ಹಾಡಿನ ಪಲ್ಲವಿಯಷ್ಟನ್ನು ಕೇಳಿಸಿಕೊಂಡರು. ಚರಣ ಶುರುವಾಗುವ ಹೊತ್ತಿಗೆ ಕಾರು ತಿರುವು ದಾಟಿತ್ತು.